ಚಿಂತೆ ಡಬ್ಬಿ ತುಂಬಿಹೋದರೆ?

ಇಲ್ಲಿನ ಮಾತುಗಳು ಆಡಿದ ಹಾಗೇ ಇರಲಿಕ್ಕಿಲ್ಲ; ನಡೆದದ್ದು ಮಂಗಳವಾರವೋ ಬುಧವಾರವೋ ಎಂಬುದರಲ್ಲೂ ನನಗೂ ನನ್ನ ಡೈರಿಗೂ ಭಿನ್ನಾಭಿಪ್ರಾಯವಿದೆ. ಹೊಟ್ಟೆಕಿಚ್ಚು ಪಟ್ಟದ್ದು ಮಾತ್ರ ನಿಜ. ಅದೂ ಯಾರ ಮೇಲೆ? ಹೆತ್ತ ತಾಯಿಯ ಮೇಲೆ.

ನನ್ನ ಮಗಳು ನಿಧಿಗೆ ಎಂಟು ವರ್ಷ. ಶಾಲೆ ಬಿಟ್ಟ ಮೇಲೆ ವ್ಯಾನ್ ಬರದೇ ಹೋದರೆ ಎಂಬುದು ಅವಳ ಭಯ. ಬೆಳಿಗ್ಗೆ ಇಡ್ಲಿಯ ಮುಂದೆ ಕೂತೊಡನೆ ಶುರು. "ಬಂದೇ ಬರುತ್ತೆ ಪುಟ್ಟಾ" ಎಂದರೆ, "ಡ್ರೈವರ್ ಅಂಕಲ್‌ಗೆ ಜ್ವರ ಬಂದ್ರೆ?" "ನಾನು ಬರ್ತೀನಿ." "ನೀನು ಮೀಟಿಂಗ್‌ನಲ್ಲಿದ್ರೆ?" "ಅಪ್ಪ ಬರ್ತಾರೆ." "ಅಪ್ಪನ ಫೋನ್ ಆಫ್ ಆಗಿದ್ರೆ?" ಒಂದೊಂದು ಸಮಾಧಾನಕ್ಕೂ ಹೊಸದೊಂದು ಭಯ ಹುಟ್ಟಿ, ಕೊನೆಗೆ ಹೊಟ್ಟೆನೋವು, ಶಾಲೆಗೆ ರಜೆ. ಎಂ.ಎ.ಯಲ್ಲಿ ಮನಶ್ಶಾಸ್ತ್ರ ಓದಿದವಳು ನಾನು, ಸುಮ್ಮನಿರುತ್ತೇನೆಯೇ? ಹಳೆಯ ಡಬ್ಬಿಯೊಂದಕ್ಕೆ ಬಣ್ಣದ ಕಾಗದ ಸುತ್ತಿ 'ಚಿಂತೆ ಡಬ್ಬಿ' ಮಾಡಿಕೊಟ್ಟೆ. ಚಿಂತೆಯನ್ನು ಚೀಟಿಯಲ್ಲಿ ಬರೆದು ಒಳಗೆ ಹಾಕಿ ಮುಚ್ಚಿಬಿಡುವುದು. ಅವಳು ಅದನ್ನು ಅತ್ತಿತ್ತ ತಿರುಗಿಸಿ, "ಇದು ತುಂಬಿಹೋದ್ರೆ?" ಎಂದಳು. ಮೊದಲ ಚೀಟಿಯಲ್ಲಿ ಅದನ್ನೇ ಬರೆದಳು. ನಾಲ್ಕರವರೆಗೆ ಎಣಿಸುತ್ತಾ ಉಸಿರೆಳೆದುಕೊಳ್ಳಲು ಕಲಿಸಿದರೆ, "ಎಣಿಕೆ ತಪ್ಪಿದ್ರೆ?"

ಸಂಜೆ ಅವಳಿರುವುದು ಹಲಸೂರಿನಲ್ಲಿ, ನನ್ನ ಅಮ್ಮನ ಮನೆಯಲ್ಲಿ. ಒಂದು ದಿನ ನಾನು ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಅಮ್ಮನ ದನಿ ಕೇಳಿಸಿತು. "ಬರದೇ ಇದ್ರೆ ಇಲ್ಲ ಕಣೇ. ನೀನೇನ್ಮಾಡ್ತೀಯ, ಅದು ಹೇಳು." ಮಗುವಿಗೆ ಧೈರ್ಯ ಹೇಳುವ ರೀತಿಯೇ ಇದು? ನಿಧಿ ಯೋಚಿಸಿ, "ಗೇಟ್ ಹತ್ರ ಆಯಮ್ಮನ ಜೊತೆ ಕೂತ್ಕೋತೀನಿ" ಎಂದಳು. "ಆಮೇಲೆ?" "ಬಿಸ್ಕೆಟ್ ತಿಂತೀನಿ." "ಒಬ್ಳೇನಾ? ಜಿಪುಣಿ! ಆಯಮ್ಮಂಗೂ ಒಂದು ಕೊಡೇ." ಮಗಳು ಕಿಲಕಿಲ ನಕ್ಕಳು. ಆ ನಗು ನನ್ನ ಪಾಲಿಗೆ ಬಂದು ಎಷ್ಟು ದಿನವಾಗಿತ್ತು! ಬಾಗಿಲನ್ನು ಬೇಕೆಂದೇ ಜೋರಾಗಿ ತಳ್ಳಿದೆ.

ಮುಂದಿನ ವಾರ ವ್ಯಾನ್ ನಿಜಕ್ಕೂ ಕೆಟ್ಟು ನಿಂತಿತು. ಕೆ.ಆರ್. ಪುರದ ಆಫೀಸಿನಿಂದ ಆಟೋ ಹಿಡಿದೆ. "ಬೇಗ, ಬೇಗ" ಎಂದು ಪ್ರಾಣ ತಿಂದದ್ದಕ್ಕೆ ಆಟೋದವನು, "ಮೇಡಂ, ಮೂರು ಚಕ್ರ ಇದೆ, ರೆಕ್ಕೆ ಇಲ್ಲ" ಎಂದ. ಬೆವರುತ್ತಾ ಗೇಟಿಗೆ ಓಡಿದರೆ ಬೆಂಚಿನ ಮೇಲೆ ಆಯಮ್ಮ, ನಿಧಿ, ನಡುವೆ ಬಿಸ್ಕೆಟ್ ಪೊಟ್ಟಣ. "ಅಮ್ಮಾ, ಮೊದ್ಲು ಉಸಿರಾಡು" ಎಂದಳು ಮಗಳು. "ಆಮೇಲೆ ಅಜ್ಜಿಗೆ ಫೋನ್ ಹಾಕು, ನಾನು ಹೇಳ್ಬೇಕು." ಅಜ್ಜಿಗೆ! ಎದುರಿಗೇ ನಿಂತಿರುವ ನಾನು ಫೋನ್ ಹಾಕಿಕೊಡುವವಳು.

ಅವಳ ಹೊಟ್ಟೆನೋವು ಹೋಯಿತು, ನನ್ನ ಹೊಟ್ಟೆಯ ಉರಿ ಉಳಿಯಿತು. ಅದು ಅಮ್ಮನ ಮೇಲಿನದೆಂದೇ ತಿಳಿದಿದ್ದೆ. ಆದರೆ ಭಾನುವಾರ ಅವರಿಬ್ಬರೂ ಒತ್ತಿಕೊಂಡು ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ನನ್ನ ಕಣ್ಣು ಹೋದದ್ದು ಮಗಳು ಕೂತ ಜಾಗದ ಮೇಲೆ. ನಲವತ್ತೊಂದರವಳಿಗೆ ಎಂಟರವಳ ಮೇಲೆ ಅಸೂಯೆ! ನಿಧಿ ನೀರು ಕುಡಿಯಲು ಎದ್ದದ್ದೇ ತಡ, ಅಲ್ಲಿ ಕೂತು ಕೇಳಿಯೇಬಿಟ್ಟೆ. ಅಮ್ಮ ನಾರು ತೆಗೆದಾಗಿದ್ದ ಕಾಯಿಯನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ನಾನು ಕೇಳಿದ್ದು ಇಷ್ಟೇ: "ಅಮ್ಮಾ, ಚಿಕ್ಕವಳಿದ್ದಾಗ ನಂಗೂ ಹೀಗೇ ಭಯ ಆಗ್ತಿತ್ತಲ್ಲ, ಆಗ ನನ್ನ ಜೊತೇನೂ ಹೀಗೆ ಕೂತ್ಕೋತಿದ್ಯಾ?"