ಕೈ ಚಾಚಿ ನಿಂತ ದೊಡ್ಡಪ್ಪ

ಯಾರೋ ಬಾಗಿಲು ಬಡಿದರು.

ಕುಸ್ತಿ ಮೇಷ್ಟ್ರು ಕಣ್ಣು ಬಿಟ್ಟರು. ಕೋಣೆಯ ತುಂಬ ಕಗ್ಗತ್ತಲು. ಮತ್ತೆ ಅದೇ ಸದ್ದು. ಅದರಲ್ಲಿ ಅವಸರವಿರಲಿಲ್ಲ, ಬಾಗಿಲು ತೆರೆದೇ ತೆರೆಯುತ್ತಾರೆ ಎಂದು ಖಾತ್ರಿಯಿದ್ದವರು ಬಡಿಯುವ ಹಾಗಿತ್ತು.

"ರೀ, ಯಾರೋ ಬಂದಿದ್ದಾರೆ," ಮುಸುಕಿನೊಳಗಿಂದಲೇ ಹೆಂಡತಿ ಅಂದಳು.

"ನಂಗೂ ಕಿವಿ ಇದೆ ಕಣೇ."

"ಹಾಗಾದ್ರೆ ಕಾಲೂ ಇರಬೇಕಲ್ಲ. ಎದ್ದು ನೋಡಿ."

ಗೋಡೆ ಸವರುತ್ತ ನಡುಮನೆಗೆ ಬಂದ ಮೇಷ್ಟ್ರು ಚೂಪಾದದ್ದೇನನ್ನೋ ಮೆಟ್ಟಿ ಕುಪ್ಪಳಿಸಿದರು. ಚದುರಂಗದ ಕುದುರೆ! ಅದಕ್ಕೊಂದು ಶಾಪ ಹಾಕಿ, ಕುಂಟುತ್ತ ಹೋಗಿ ಚಿಲಕ ತೆಗೆದರು.

ಬಾಗಿಲಿಗೆ ಒರಗಿ ನಿಂತಿದ್ದ ಆಸಾಮಿ ನೇರವಾಗಿ ಅವರ ಎದೆಯ ಮೇಲೆ ಬಿದ್ದು ಅಪ್ಪಿಕೊಂಡ. ಆಳೆತ್ತರದ ದೇಹ, ಮುಂದಕ್ಕೆ ಚಾಚಿದ ಎರಡು ಕೈ. ಮುಖದ ಜಾಗದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಮೇಷ್ಟ್ರ ಗಂಟಲಿನಿಂದ ಹೊರಟದ್ದನ್ನು ಕೂಗು ಎನ್ನಲಾಗದು. ಸೈಕಲ್ ಟ್ಯೂಬು ಕೊನೆಯುಸಿರು ಬಿಟ್ಟಂತಿತ್ತು. ಇಬ್ಬರೂ ಒಟ್ಟಿಗೆ ನೆಲಕ್ಕುರುಳಿದರು. ಮೇಷ್ಟ್ರು ಕೆಳಗೆ, ಆಸಾಮಿ ಮೇಲೆ. ತಮ್ಮ ಮನೆಯ ಹೊಸ್ತಿಲಲ್ಲೇ ಕುಸ್ತಿ ಮೇಷ್ಟ್ರು ಚಿತ್ ಆದರು.

ತೆರೆದ ಬಾಗಿಲಾಚೆ ಬೀದಿದೀಪ ಉರಿಯುತ್ತಿತ್ತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಏನಾಯ್ತು ಅಳಿಯಂದ್ರೇ?" ಅಡುಗೆಮನೆಯ ಕಡೆಯಿಂದ ಅತ್ತೆ ಶಾಲು ಹೊದ್ದು ಬಂದರು. ಗಾಬರಿಗೆ ಏದುಸಿರು ಬಿಡುತ್ತಿದ್ದರು, ಪಾಪ. ಊರಲ್ಲಿ ಹಿಟ್ಟಿನ ಗಿರಣಿ ನಡೆಸಿ ಮಗಳನ್ನು ಓದಿಸಿದ ಆ ಹೆಂಗಸು ತಿಂಗಳ ಹಿಂದೆ ಈ ಮನೆಗೆ ಬಂದವರು, ಅಳಿಯನೆದುರು ಇನ್ನೂ ಗಟ್ಟಿಯಾಗಿ ಕೆಮ್ಮಿರಲಿಲ್ಲ. ಹೆಂಡತಿಯೂ ಎದ್ದು ಬಂದಳು. ತಾಯಿ ಮಗಳು ಸೇರಿ ಆಸಾಮಿಯನ್ನು ಮೇಷ್ಟ್ರ ಮೇಲಿನಿಂದ ಎತ್ತಿದರು. ಮಗಳು ಹಿಡಿದದ್ದು ಒಂದು ಕಾಲನ್ನಷ್ಟೆ.

ಲೈಟು ಹತ್ತಿತು.

"ಅಯ್ಯೋ, ಇದು ನಿಮ್ಮ ದೊಡ್ಡಪ್ಪ ಅಲ್ವೇನ್ರೀ!" ಎಂದಳು ಹೆಂಡತಿ.

ದೊಡ್ಡಪ್ಪನೇ. ಹೈಸ್ಕೂಲಿನ ಹುಡುಗರು ಕುಸ್ತಿಯ ಪಟ್ಟು ಕಲಿಯಲು ಬಳಸುವ ಚರ್ಮದ ಗೊಂಬೆ, ದೊಡ್ಡಪ್ಪ ಎಂಬುದು ಅವರೇ ಇಟ್ಟ ಹೆಸರು. ಒಳಗೆ ಹಳೆಯ ಬಟ್ಟೆ ತುರುಕಿ ಹೊಲಿದದ್ದು. ಅದರ ಬಲಗೈಯ ಮಣಿಕಟ್ಟಿಗೆ ಕೆಂಪು ಟವೆಲ್ ಬಿಗಿದಿತ್ತು. ಅದನ್ನು ಕಂಡದ್ದೇ ಮೇಷ್ಟ್ರು ಕೂತಲ್ಲೇ ಹಿಂದಕ್ಕೆ ಸರಿದರು. ಆ ಟವೆಲಿನ ಅರ್ಥ ಅವರಿಗಿಂತ ಚೆನ್ನಾಗಿ ಇನ್ನಾರಿಗೂ ತಿಳಿಯದು. ಆ ಪದ್ಧತಿ ಕಟ್ಟಿದವರೇ ಅವರು.

ಸೋತವನು ಗೆದ್ದವನ ಕೈ ಕುಲುಕದೆ ಹೋದರೆ, ರೆಫರಿಯನ್ನು ಬೈದರೆ, ಗೆದ್ದವನು ಸೋತವನನ್ನು ಅಣಕಿಸಿದರೆ ಮೇಷ್ಟ್ರು ಬೆತ್ತ ಹಿಡಿಯುತ್ತಿರಲಿಲ್ಲ. ನೊಂದವನು ಅವರಿಂದ ಕೀ ಪಡೆದು, ದೊಡ್ಡಪ್ಪನ ಕೈಗೆ ಕೆಂಪು ಟವೆಲ್ ಕಟ್ಟಿ, ರಾತ್ರಿ ತಪ್ಪಿತಸ್ಥನ ಬಾಗಿಲಲ್ಲಿ ನಿಲ್ಲಿಸಿ, ಬಾಗಿಲು ಬಡಿದು ಮಾಯವಾಗಬೇಕು. ಯಾಕೆ ಎಂದು ಯಾರೂ ಹೇಳಕೂಡದು. ತಪ್ಪಿತಸ್ಥ ಮರುದಿನವೆಲ್ಲ ದೊಡ್ಡಪ್ಪನನ್ನು ಹೊತ್ತು ತಿರುಗಬೇಕು. ತಂಡದ ಹುಡುಗರು ಅವನೊಡನೆ ಮಾತಾಡುವುದಿಲ್ಲ. ಸಂಜೆಯ ಬೆಲ್ಲಿಗೆ ಎಲ್ಲರೆದುರು ತನ್ನ ತಪ್ಪನ್ನು ತಾನೇ ಹುಡುಕಿ ಹೇಳಬೇಕು. ಸರಿಯಾದ ತಪ್ಪನ್ನೇ ಹೇಳಿದರೆ ಕಳಿಸಿದವನು ಎದ್ದು ಬಂದು ಗಂಟು ಬಿಚ್ಚುತ್ತಾನೆ. ಬಿಚ್ಚದಿದ್ದರೆ ದೊಡ್ಡಪ್ಪ ಮತ್ತೊಂದು ದಿನ ಜೊತೆಗೇ ಇರುತ್ತಾನೆ.

ತಾವು ಕಟ್ಟಿದ ಈ ಪದ್ಧತಿಯನ್ನು ಮೇಷ್ಟ್ರು ದಿನವೂ ಊಟಕ್ಕೆ ಕೂತಾಗ ಮನೆಯವರಿಗೆಲ್ಲ ಬಣ್ಣಿಸಿ ಬಣ್ಣಿಸಿ ಹೇಳುತ್ತಿದ್ದರು. ಆದರೆ ಅದು ಮೇಷ್ಟ್ರ ಮನೆಗೂ ಬರಬಹುದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಬರಬಾರದೆಂದೂ ಇರಲಿಲ್ಲ.

"ಪಾಪ, ಕೈ ಚಾಚ್ಕೊಂಡೇ ಇದೆ," ಎಂದರು ಅತ್ತೆ ಮೆಲ್ಲಗೆ. "ಒಂದ್ಸಲ ಕುಲುಕಿಬಿಡಿ ಅಳಿಯಂದ್ರೇ."

"ನಾನ್ಯಾಕೆ ಕುಲುಕಲಿ? ನಾನೇನು ತಪ್ಪು ಮಾಡಿದ್ದೀನಿ?"

ಅತ್ತೆ ದೊಡ್ಡಪ್ಪನನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ಬೆಳಕು ಹರಿಯುತ್ತಲೇ ಮೇಷ್ಟ್ರು ನೋಡಿದ್ದು ಗೋಡೆಯ ಮೊಳೆಯನ್ನು. ಗೊಂಬೆಯಿರುವ ಶಾಲೆಯ ಉಗ್ರಾಣದ ಒಂದೇ ಒಂದು ಕೀ ಅಲ್ಲೇ ತೂಗುತ್ತಿತ್ತು. ಯಾರೂ ಬಂದು ಕೇಳಿರಲಿಲ್ಲ, ಅವರು ಯಾರಿಗೂ ಕೊಟ್ಟಿರಲಿಲ್ಲ. ಹಾಗಿದ್ದ ಮೇಲೆ ದೊಡ್ಡಪ್ಪ ಹೊರಬಂದದ್ದು ಹೇಗೆ?

ಅದೂ ಇವತ್ತೇ! ವರ್ಷಗಟ್ಟಲೆ ಹಂಗಾಮಿಯಾಗಿ ದುಡಿದ ಮೇಷ್ಟ್ರ ನೌಕರಿ ಖಾಯಮಾದ ಸುದ್ದಿಯನ್ನು ಮುಖ್ಯೋಪಾಧ್ಯಾಯಿನಿ ಇಂದಿನ ಸಂಜೆಯ ಬೆಲ್ಲಿಗೇ ಎಲ್ಲರೆದುರು ಹೇಳುವವರಿದ್ದರು. ಅಷ್ಟರೊಳಗೆ ಈ ಪೀಡೆಯನ್ನು ಯಾರ ಕಣ್ಣಿಗೂ ಬೀಳದಂತೆ ಉಗ್ರಾಣ ಸೇರಿಸಬೇಕು.

ದೊಡ್ಡಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿ ಹೊರಟರು. ಚಾಚಿದ ಕೈಗಳು ಅವರ ಸೊಂಟದ ಎರಡೂ ಬದಿಗೆ ಹೊಸ ಹೆಂಡತಿಯ ಕೈಗಳಂತೆ ಬಂದು ಕೂತವು. ಬೀದಿ ತಿರುವಿನಲ್ಲಿ ಪಕ್ಕದ ಮನೆಯ ಕಂಪೌಂಡರ್ ಅಡ್ಡ ನಿಂತ.

"ಏನ್ ಸಾರ್, ನೆಂಟರಾ? ಮುಖ ಯಾಕೋ ಬಿಳುಚಿಕೊಂಡಿದೆ."

"ಅವನಿಗೆ ಮುಖಾನೇ ಇಲ್ಲ ಕಣ್ರೀ!"

"ನಾನು ಕೇಳಿದ್ದು ನಿಮ್ಮ ಮುಖದ ವಿಷಯ ಸಾರ್."

ಎರಡು ಬೀದಿಯಾಚೆಗಿದ್ದ ಶಾಲೆಯ ಗೇಟಿನಲ್ಲಿ ಕುಸ್ತಿ ತಂಡದ ಹುಡುಗರು ಆಗಲೇ ನೆರೆದಿದ್ದರು. ಸ್ಕೂಟರ್ ಕಂಡದ್ದೇ ಗದ್ದಲ ನಿಂತಿತು. ಕಣ್ಣುಗಳು ಕೆಂಪು ಟವೆಲಿನ ಮೇಲೆ ನೆಟ್ಟವು. ಆಮೇಲೆ ಒಬ್ಬೊಬ್ಬರಾಗಿ, ಯಾರದೋ ಹೆಣಕ್ಕೆ ದಾರಿ ಬಿಡುವಂತೆ, ಎರಡು ಬದಿಗೆ ಸರಿದು ತಲೆ ತಗ್ಗಿಸಿದರು. ನಮಸ್ಕಾರವಿಲ್ಲ, ಪಿಸುಮಾತಿಲ್ಲ. ಅಷ್ಟೊಂದು ಶಿಸ್ತನ್ನು ಮೇಷ್ಟ್ರು ಆ ಹುಡುಗರಲ್ಲಿ ಎಂದೂ ಕಂಡಿರಲಿಲ್ಲ.

ಸಾಲಿನ ಕೊನೆಯಲ್ಲಿ ಗೂಳಿ ನಿಂತಿದ್ದ. ತಂಡದ ಅತಿ ಬಲಿಷ್ಠ ಹುಡುಗನಿಗೆ ಗೆಳೆಯರಿಟ್ಟ ಹೆಸರು ಅದು. ನಿನ್ನೆ ಪಂದ್ಯ ಸೋತು, ಎದುರಾಳಿಯ ಕೈ ಕುಲುಕದೆ, ಬಕೆಟ್ ಒದ್ದು ಹೊರಟುಹೋದವನು. "ನಿನ್ನ ಮನೆಗೆ ದೊಡ್ಡಪ್ಪ ಬರದಿದ್ರೆ ಕೇಳು!" ಎಂದು ಮೇಷ್ಟ್ರು ಅವನ ಬೆನ್ನಿಗೆ ಕೂಗಿದ್ದರು. ಸೇಡು! ಇದು ಅವನದೇ ಕೆಲಸ!

"ನೀನೇ ತಾನೇ ತಂದಿಟ್ಟದ್ದು? ಬೊಗಳೋ!"

ಗೂಳಿ ಬಾಯಿ ಬಿಡಲಿಲ್ಲ. ಎಡಗೈ ಬೆರಳನ್ನು ತುಟಿಯ ಮೇಲಿಟ್ಟು ನಿಯಮವನ್ನು ನೆನಪಿಸಿದ. ಆಮೇಲೆ ಬಲಗೈ ಎತ್ತಿ ತೋರಿಸಿದ. ಮೊಣಕೈಯಿಂದ ಬೆರಳ ತುದಿಯವರೆಗೆ ಪ್ಲಾಸ್ಟರ್.

"ನಿನ್ನೆ ಸಿಟ್ಟಿಗೆ ಗೋಡೆಗೆ ಗುದ್ದಿದ್ನಂತೆ ಸಾರ್," ಎಂದ ಪಕ್ಕದಲ್ಲಿದ್ದ ಜವಾನ. "ರಾತ್ರಿ ಪೂರ್ತಿ ಆಸ್ಪತ್ರೇಲಿದ್ದ. ಒಂದು ಲೋಟ ಎತ್ತೋಕಾಗಲ್ಲ, ದೊಡ್ಡಪ್ಪನ್ನ ಹೇಗೆ ಎತ್ತಾನು?"

ಜವಾನ ಉಗ್ರಾಣದ ಬೀಗ ಪರೀಕ್ಷಿಸಿದ. ಮುರಿದಿರಲಿಲ್ಲ, ಒಂದು ಗೀರೂ ಇರಲಿಲ್ಲ. ಅವನು ದನಿ ತಗ್ಗಿಸಿದ. "ಸಾರ್, ದೊಡ್ಡಪ್ಪನ ಹೊಟ್ಟೇಲಿ ಏನು ತುಂಬಿದೆ ಗೊತ್ತಾ? ನಿಮಗಿಂತ ಮುಂಚೆ ಇದ್ರಲ್ಲ, ತೀರಿಹೋದ ಹಳೇ ಮೇಷ್ಟ್ರು, ಅವರ ಕೋಟು. ನಾನೇ ತುರುಕಿದ್ದು. ಆಟದಲ್ಲಿ ಅನ್ಯಾಯ ಮಾಡಿದವರನ್ನ ಆ ಮನುಷ್ಯ ಬಿಟ್ಟದ್ದೇ ಇಲ್ಲ. ನೀವು ಏನು ಮಾಡಿದ್ರಿ, ನೆನಪು ಮಾಡ್ಕೊಳ್ಳಿ."

"ಸುಮ್ನಿರಯ್ಯ!" ಎಂದರು ಮೇಷ್ಟ್ರು. ಆದರೂ ದೊಡ್ಡಪ್ಪನ ಎದೆಯ ಕಡೆಗೊಮ್ಮೆ ನೋಡಿದರು. ಉಸಿರಾಡಿದಂತಾಯಿತು. ಗೊಂಬೆಯನ್ನು ಉಗ್ರಾಣದೊಳಕ್ಕೆ ನೂಕಿ, ಕಣ್ಣು ಮುಚ್ಚಿ ಬಾಗಿಲೆಳೆದು ಬೀಗ ಜಡಿದರು.

ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಒಳಗಿನಿಂದ ಯಾರೋ ಬಾಗಿಲು ಬಡಿದರು.

ಮೇಷ್ಟ್ರ ಕಾಲುಗಳು ಮಿದುಳನ್ನು ಕೇಳದೆಯೇ ಓಡಿದವು. ಸ್ಟಾಫ್ ರೂಮು ಸೇರಿದ ಮೇಲೂ ಆ ಸದ್ದು ಕಿವಿಯಲ್ಲಿತ್ತು. ಬಹಳ ಹೊತ್ತಿನ ಮೇಲೆ, ದಾರಿಹೋಕರು ಯಾರೋ ಕೇಳಿ, ಕಿಟಕಿಯ ಸರಳು ಬಗ್ಗಿಸಿ ಹೊರಗೆಳೆದದ್ದು ಜವಾನನನ್ನು! ಗೊಂಬೆಯನ್ನು ಒಳಗಿನಿಂದ ಎಳೆದುಕೊಳ್ಳಲು ಒಳಹೊಕ್ಕಿದ್ದ ಅವನನ್ನೂ ಸೇರಿಸಿಯೇ ಮೇಷ್ಟ್ರು ಬೀಗ ಹಾಕಿದ್ದರು. ಮೈತುಂಬ ಧೂಳು ಬಳಿದುಕೊಂಡು, ದೊಡ್ಡಪ್ಪನನ್ನು ಹೆಗಲ ಮೇಲೆ ಹೊತ್ತು, ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರತ್ಯಕ್ಷನಾದ.

"ತಗೊಳ್ಳಿ ನಿಮ್ಮ ನೆಂಟನ್ನ. ಇಡೀ ದಿನ ಜೊತೇಲೇ ಇಟ್ಕೋಬೇಕು ಅಂತ ನಿಯಮ. ನಿಮ್ದೇ ನಿಯಮ!"

ದೊಡ್ಡಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದ್ದಾಯಿತು. ಚಾಚಿದ ಕೈಗಳು ಮೇಷ್ಟ್ರ ಕುತ್ತಿಗೆಯ ಎತ್ತರಕ್ಕೇ ಸರಿಯಾಗಿ ನಿಂತವು.

"ನೊಂದವರು ಯಾರೋ ಕಳ್ಸಿದ್ದಾರೆ," ಎಂದರು ಡ್ರಾಯಿಂಗ್ ಮೇಷ್ಟ್ರು. "ನೀವು ಯಾರನ್ನ ನೋಯಿಸಿದ್ದೀರಿ?"

"ನಾನು ಯಾರನ್ನೂ ನೋಯಿಸಿದವನಲ್ಲ."

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಒಟ್ಟಿಗೆ ಕೆಮ್ಮಿದರು.

ಮೇಷ್ಟ್ರು ಬೆವರೊರೆಸಿಕೊಂಡು ಗಣಿತದ ಟೀಚರ ಕಡೆ ತಿರುಗಿದರು. "ಟೀಚರ್, ನೀವು ಶಿಕ್ಷಕರ ಸಂಘದ ಚುನಾವಣೇಲಿ ಸೋತಾಗ ಹಿಂದಿನ ಸಾಲಿಂದ ಸಿಳ್ಳೆ ಹೊಡೆದದ್ದು ನಾನೇ. ಕ್ಷಮಿಸಿ. ದಯವಿಟ್ಟು ಗಂಟು ಬಿಚ್ಚಿ."

"ಅದು ನೀವಾ?" ಟೀಚರ ಕನ್ನಡಕ ಮೂಗಿನ ತುದಿಗೆ ಜಾರಿತು. "ನಾನು ಡ್ರಾಯಿಂಗ್ ಸಾರ್ ಅಂದ್ಕೊಂಡಿದ್ದೆ!"

"ಅದಕ್ಕಾ ಎರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟದ್ದು?" ಡ್ರಾಯಿಂಗ್ ಮೇಷ್ಟ್ರು ಎದ್ದು ನಿಂತರು.

ಒಂದೇ ಮಾತಿನಲ್ಲಿ ಇಬ್ಬರು ಶತ್ರುಗಳು ಹುಟ್ಟಿದರು. ಗಂಟು ಮಾತ್ರ ಹಾಗೇ ಉಳಿಯಿತು.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯವರ ಕರೆ ಬಂತು. ಜವಾನನ ದೂರು ಅವರ ಕಿವಿಗೆ ಮೊದಲೇ ಮುಟ್ಟಿತ್ತು.

"ಈ ಪದ್ಧತಿ ಮಾಡಿದ್ದು ಯಾರು ಮೇಷ್ಟ್ರೇ?"

"ನಾನೇ ಮೇಡಂ. ಆದ್ರೆ ಅದು ಹುಡುಗರಿಗೆ..."

"ಹುಡುಗರಿಗೆ ಒಂದು, ನಮಗೆ ಒಂದು ಅಂತಿದ್ರೆ ಅದು ಶಿಸ್ತಾಗಲ್ಲ. ಸಂಜೆ ಬೆಲ್ಲಿಗೆ ಬರ್ತೀನಿ. ನಿಮ್ಮ ವಿಷಯ ಹೇಳೋದು ಆಮೇಲೆ."

ಸಂಜೆ ಕುಸ್ತಿಯ ಹಾಲಿನಲ್ಲಿ ಬೆಳಕು ಕಂದಿತ್ತು. ಮ್ಯಾಟಿನ ಸುತ್ತ ಹುಡುಗರು, ಹಿಂದೆ ಟೀಚರುಗಳು, ಮುಂದೆ ಮುಖ್ಯೋಪಾಧ್ಯಾಯಿನಿ. ಮ್ಯಾಟಿನ ನಡುವೆ ಮೇಷ್ಟ್ರು ಮತ್ತು ದೊಡ್ಡಪ್ಪ, ಎದುರುಬದುರು. ಬೆಲ್ಲು ಹೊಡೆಯಿತು.

"ಹುಡುಗರಿಗೆ ಅಂತ ಬಂದ ಗ್ಲೂಕೋಸ್ ಪುಡೀನ ನಾನು ಕುಡ್ದಿದ್ದೀನಿ," ಎಂದರು ಮೇಷ್ಟ್ರು.

ಯಾರೂ ಕದಲಲಿಲ್ಲ.

"ಎದುರು ಶಾಲೆಯ ಹುಡುಗ ಕಾಲು ಉಳುಕಿಸ್ಕೊಂಡು ಬಿದ್ದಾಗ ಚಪ್ಪಾಳೆ ತಟ್ಟಿದ್ದೀನಿ."

ಹುಡುಗರು ಒಬ್ಬರನ್ನೊಬ್ಬರು ನೋಡಿದರು. ಯಾರೂ ಏಳಲಿಲ್ಲ. ಮಬ್ಬಿನಲ್ಲಿ ದೊಡ್ಡಪ್ಪನ ಮುಖವಿಲ್ಲದ ಮುಖ ತುಸು ಹತ್ತಿರ ಬಂದಂತೆ, ಒಳಗಿನ ಕೋಟು ಕಿವಿಗೊಟ್ಟು ಕೇಳುತ್ತಿರುವಂತೆ ಮೇಷ್ಟ್ರಿಗೆ ಅನಿಸಿತು. ಅವರ ಧೈರ್ಯ ಅಲ್ಲಿಗೆ ಕುಸಿಯಿತು.

"ಹೋದ ವರ್ಷ ನಾವು ಗೆದ್ದ ಕಪ್ಪು..." ಮೇಷ್ಟ್ರು ಟವೆಲಿನಿಂದ ಕಣ್ಣು ತೆಗೆದು ಹುಡುಗರ ಕಡೆ ನೋಡಿದರು. "ಗೂಳಿಯ ತೂಕ ಮಿತಿ ಮೀರಿತ್ತು. ತೂಕದ ಯಂತ್ರದ ಅಡಿಗೆ ರಟ್ಟು ಮಡಿಸಿಟ್ಟು ಕಡಿಮೆ ತೋರಿಸಿದವನು ನಾನು. ಅವನಿಗೆ ಗೊತ್ತಿರಲಿಲ್ಲ. ಇಷ್ಟೇ, ಇನ್ನೇನೂ ಇಲ್ಲ. ಯಾರಪ್ಪಾ ಕಳ್ಸಿದ್ದು? ಬಂದು ಗಂಟು ಬಿಚ್ಚಿ!"

ಗಂಟು ಬಿಚ್ಚಲು ಯಾರೂ ಬರಲಿಲ್ಲ.

ಬಂದವನು ಗೂಳಿ. ನಿಧಾನವಾಗಿ ಮ್ಯಾಟಿನ ಮೇಲೆ ನಡೆದು ಬಂದು, ದೊಡ್ಡಪ್ಪನ ಚಾಚಿದ ಕೈಯನ್ನು ತನ್ನ ಎಡಗೈಯಿಂದ ಕುಲುಕಿದ. "ನಿನ್ನೆ ನಾನು ಸೋತಾಗ ಕೈ ಕುಲುಕಲಿಲ್ಲ ಸಾರ್. ತಪ್ಪಾಯ್ತು. ಇಷ್ಟು ಜನರ ಮುಂದೆ ನೀವೇ ಒಪ್ಕೊಂಡ ಮೇಲೆ ನಂದೇನು ದೊಡ್ಡದು." ಹುಡುಗರ ನಡುವಿನಿಂದ ಒಂದು ನಿಟ್ಟುಸಿರು ಹೊರಟಿತು. ಶಿಸ್ತಿನ ಪಾಠ ಅಂದು ಫಲಿಸಿದಷ್ಟು ಹಿಂದೆಂದೂ ಫಲಿಸಿರಲಿಲ್ಲ.

"ಒಳ್ಳೇದು," ಎಂದರು ಮುಖ್ಯೋಪಾಧ್ಯಾಯಿನಿ. "ಕಪ್ಪು ನಾಳೆ ವಾಪಸ್ ಹೋಗುತ್ತೆ. ಆ ಇನ್ನೊಂದು ವಿಷಯ ಇನ್ನೂ ಒಂದು ವರ್ಷ ನೋಡೋಣ ಮೇಷ್ಟ್ರೇ."

ಎಲ್ಲರೂ ಹೋದ ಮೇಲೆ ಜವಾನ ಬಗ್ಗಿ ಟವೆಲನ್ನು ಪರೀಕ್ಷಿಸಿದ. ಉಗುರು ಹಾಕಿದ, ಹಲ್ಲು ಹಾಕಿದ, ಬಿಚ್ಚಲಾಗಲಿಲ್ಲ. "ಇದು ನಮ್ಮ ಹುಡುಗ್ರು ಹಾಕೋ ಗಂಟಲ್ಲ ಸಾರ್. ಮೂಟೆ ಬಾಯಿಗೆ ಬಿಗಿಯೋ ಗಂಟು. ಹಾಕಿದವರೇ ಬಿಚ್ಚಬೇಕು."

ಮೇಷ್ಟ್ರು ದೊಡ್ಡಪ್ಪನನ್ನು ಮತ್ತೆ ಸ್ಕೂಟರಿಗೇರಿಸಿದರು.

"ಮತ್ತೆ ಕರ್ಕೊಂಡು ಬಂದ್ರಾ?" ಎಂದಳು ಹೆಂಡತಿ. ನಡೆದದ್ದನ್ನೆಲ್ಲ ಕೇಳಿ, "ಊರ ತಪ್ಪೆಲ್ಲ ಹೇಳಿ ಬಂದ್ರಿ. ಮನೇದು ನೆನಪಾಗಲಿಲ್ವಾ?" ಎಂದು ಒಳಗೆ ಹೋದಳು.

ಮೇಷ್ಟ್ರು ತಲೆ ಎತ್ತಿದರು. ನಡುಮನೆಯ ನೆಲದ ಮೇಲೆ ಚದುರಂಗದ ಹಾಸು ಹರಡಿತ್ತು. ಕಾಯಿಗಳೆಲ್ಲ ತಮ್ಮ ತಮ್ಮ ಮನೆಯಲ್ಲಿ ನಿಂತಿದ್ದವು. ಒಂದು ಕುದುರೆಗೆ ಮಾತ್ರ ಕಿವಿ ಮುರಿದಿತ್ತು.

ಥಟ್ಟನೆ ನಿನ್ನೆಯ ರಾತ್ರಿ ಕಣ್ಣೆದುರು ಬಂತು. ಊಟವಾದ ಮೇಲಿನ ಆಟ. ಮೂಲೆಗೆ ಸಿಕ್ಕಿಬಿದ್ದ ತಮ್ಮ ರಾಜ. "ಇದೂ ಒಂದು ಆಟವಾ!" ಎಂದು ಹಾಸನ್ನು ಒದ್ದು, ಕಾಯಿಗಳೆಲ್ಲ ದಿಕ್ಕಾಪಾಲಾಗಿ ಚಿಮ್ಮಿ, ತಾವು ಲೈಟು ಆರಿಸಿ ದಡದಡನೆ ಹೋಗಿ ಮುಸುಕೆಳೆದದ್ದು. ಎದುರಿಗಿದ್ದವರು ಒಂದು ಮಾತೂ ಆಡದೆ ಕತ್ತಲಲ್ಲಿ ಕಾಯಿ ಆಯುತ್ತ ಉಳಿದದ್ದು.

"ನಿನ್ನೆ... ಸೋತ ಸಿಟ್ಟಿಗೆ ಹಾಸು ಒದ್ದೆ," ದೊಡ್ಡಪ್ಪನ ಕೈ ಹಿಡಿದು ಮೇಷ್ಟ್ರು ಪಿಸುಗುಟ್ಟಿದರು. "ತಪ್ಪಾಯ್ತು."

ಅವರ ಹೆಗಲ ಹಿಂದಿನಿಂದ, ಮೂಟೆ ಎತ್ತಿ ಎತ್ತಿ ಗಟ್ಟಿಯಾದ ಒಂದು ಕೈ ಸದ್ದಿಲ್ಲದೆ ಮುಂದೆ ಬಂದು, ಟವೆಲಿನ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿತು.

"ಕೂತ್ಕೊಳ್ಳಿ ಅಳಿಯಂದ್ರೇ, ಇವತ್ತು ಬಿಳೀ ಕಾಯಿ ನಿಮ್ದೇ," ಎಂದರು ಅತ್ತೆ.