ಟೀಚರ್, ದಿನಾ ಕೊಟ್ಟಂಡಿ

ಮಂಡ್ಯದಿಂದ ಆಂಧ್ರಕ್ಕೆ ವರ್ಗವಾದ ಬ್ಯಾಂಕ್ ನೌಕರನ ಮನೆಯಲ್ಲಿ ಮಗುವಿನ ಹೋಂವರ್ಕ್ ಮಗು ಒಂದರದ್ದೇ ಆಗಿ ಉಳಿಯುವುದಿಲ್ಲ, ಅಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ನನ್ನ ಮಗಳಿಗೆ ಬೇಕಾಗಿದ್ದು ಒಂದೇ: ತೆಲುಗು ಹೋಂವರ್ಕ್ ಸರಿಯಿದ್ದರೆ ಟೀಚರ್ ಅಂಗೈ ಮೇಲೆ ಒತ್ತುವ ಕೆಂಪು ಸ್ಟಾರ್. ಅದು ಅವಳಿಗೆ ಸಿಗದಂತೆ ಮನೆಮಂದಿಯೆಲ್ಲ ಸೇರಿ ದುಡಿದೆವು.

ಆವು

ಆಗಿನ್ನೂ ವಿಜಯವಾಡಕ್ಕೆ ಹೊಸದಾಗಿ ಬಂದು ಬೆಂಜ್ ಸರ್ಕಲ್ ಹತ್ತಿರ ಮನೆ ಮಾಡಿದ್ದೆವು. ಎರಡನೇ ಕ್ಲಾಸಿನ ಪುಸ್ತಕದಲ್ಲಿ ಟೀಚರ್ ‘ಆವು’ ಎಂದು ತಲೆಬರಹ ಬರೆಸಿ, ಅದರ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರೆಯಲು ಹೇಳಿದ್ದರು. ತೆಲುಗಿನವರೂ ನಮ್ಮ ಹಾಗೇ ‘ಹ’ಕಾರ ನುಂಗುತ್ತಾರೆ ಎಂದು ತಿಳಿದು ನನಗೆ ಆತ್ಮೀಯತೆ ಉಕ್ಕಿ ಬಂತು.

ಹಿರಿಯರೆಂದರೆ ನಮ್ಮಮ್ಮ. ಅವರು ಕಾಲು ಚಾಚಿ ಕೂತು, “ಬರ್ಕೊ ಕೂಸೆ. ಅದು ಉತ್ತದಲ್ಲಿ ಇರ್ತದೆ. ಆಲು ಕುಡೀತದೆ. ತುಳುದ್ರೆ ಕಚ್ತದೆ” ಎಂದರು. ನಾನು ಮೊಬೈಲಿನಲ್ಲಿ ಒಂದೊಂದೇ ಸಾಲನ್ನು ತೆಲುಗು ಮಾಡಿಕೊಟ್ಟೆ. ಮಗಳು ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದಳು.

ತೆಲುಗಿನಲ್ಲಿ ಆವು ಎಂದರೆ ಹಸು. ಸ್ಟಾರ್ ಬರಲಿಲ್ಲ. ಬದಲಿಗೆ, ಹುತ್ತದಲ್ಲಿರುವ ಈ ಹಸು ಎಲ್ಲಿದೆ ಎಂದು ಟೀಚರ್ ಕೆಂಪು ಶಾಯಿಯಲ್ಲಿ ಕೇಳಿದ್ದರು. ಅಮ್ಮನಿಗೆ ಓದಿ ಹೇಳಿದೆ.

“ನಮ್ಮೂರಲ್ಲಿ ಬೇಕಾದಷ್ಟವೆ ಅಂತ ಬರಿ,” ಎಂದರು ಅಮ್ಮ.

ಬಡಿ

ಒಂದು ಶುಕ್ರವಾರ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಟೀಚರ ದನಿ ಬಂತು: “ರೇಪು ಬಡಿ ಉಂದಿ. ಅಂದರೂ ರಾವಾಲಿ.” ನಾಳೆ ಏನೋ ಇದೆ, ಎಲ್ಲರೂ ಬರಬೇಕು ಎನ್ನುವಷ್ಟು ನನ್ನ ಹೆಂಡತಿಗೆ ತಿಳಿಯಿತು. ಏನಿದೆ ಎನ್ನುವುದಂತೂ ಅಚ್ಚಗನ್ನಡದಲ್ಲೇ ಇತ್ತು.

“ನಾಳೆ ಬಡಿಯೋದು ಇದೆಯಂತೆ ರೀ. ಇವಳ ಹೋಂವರ್ಕ್ ಬೇರೆ ಆಗಿಲ್ಲ. ಎಲ್ಲರೂ ಅಂದ್ರೆ ನಾವೂ ಹೋಗಬೇಕಾ?”

ಅಷ್ಟು ಮುಂಚಿತವಾಗಿ ತಿಳಿಸಿ ಬಡಿಯುವ ಶಾಲೆಯ ಶಿಸ್ತು ನನಗೆ ಮೆಚ್ಚುಗೆಯಾಯಿತು. ಆದರೂ ಮಗಳಿಗೆ ಜ್ವರ ಎಂದು ಹೇಳಿ ಮನೆಯಲ್ಲೇ ಇಟ್ಟುಕೊಂಡೆವು. ಸೋಮವಾರ ಪಕ್ಕದ ಮನೆಯಾಕೆ ವಿವರಿಸಿದರು: ಬಡಿ ಎಂದರೆ ಶಾಲೆ. ಶನಿವಾರ ರಜೆ ಇಲ್ಲ ಎಂದು ತಿಳಿಸಿದ್ದಷ್ಟೆ.

ಹೆಂಡತಿ ಸ್ವಲ್ಪವೂ ನಾಚಲಿಲ್ಲ. “ನಮ್ಮ ಕಾಲದಲ್ಲಿ ಎರಡೂ ಒಂದೇ ಆಗಿತ್ತು ಬಿಡಿ,” ಎಂದಳು.

ಕೊಟ್ಟಂಡಿ

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಧುರವಾಡದ ಹೊಸ ಶಾಲೆಯ ಟೀಚರ್ ಬಹಳ ಮೃದು. ಕನ್ನಡದ ಮಗು, ಪಾಪ, ಎಂದು ನಮ್ಮವಳಿಗೆ ತೆಲುಗು ಹೋಂವರ್ಕನ್ನೇ ಕೊಡಲಿಲ್ಲ. ಹೋಂವರ್ಕ್ ಇಲ್ಲದ ಮೇಲೆ ಸ್ಟಾರ್ ಎಲ್ಲಿಂದ ಬರಬೇಕು? ಮಗಳು ಊಟ ಬಿಟ್ಟು ಅತ್ತಳು. ಪೋಷಕರ ಸಭೆಯಲ್ಲಿ ಕೇಳಿಯೇ ಬಿಡೋಣ ಎಂದು ಅವಳನ್ನೂ ಕರೆದುಕೊಂಡು ಹೊರಟೆ.

ಅಷ್ಟರಲ್ಲಿ ನಾನು ತೆಲುಗಿನ ಗುಟ್ಟು ಕಂಡುಕೊಂಡಿದ್ದೆ. ಕನ್ನಡ ಕ್ರಿಯಾಪದದ ಬಾಲಕ್ಕೆ ‘ಅಂಡಿ’ ಹಚ್ಚಿದರೆ ಆಯಿತು, ಮರ್ಯಾದೆಯ ತೆಲುಗು ಸಿದ್ಧ. ಎಲ್ಲ ತಂದೆತಾಯಿಯರ ಎದುರು ಕೈಮುಗಿದು ಹೇಳಿದೆ: “ಟೀಚರ್, ಮಾ ಅಮ್ಮಾಯಿಕಿ ರೋಜೂ ಕೊಟ್ಟಂಡಿ. ಬಾಗಾ ಕೊಟ್ಟಂಡಿ.” ನಮ್ಮ ಹುಡುಗಿಗೆ ದಿನಾ ಕೊಡಿ, ಚೆನ್ನಾಗಿ ಕೊಡಿ ಎಂದು ನನ್ನ ಅರ್ಥ.

ಟೀಚರ ಮುಖ ಬಿಳಿಚಿತು. “ಮೇಮು ಕೊಟ್ಟಮಂಡಿ,” ಎಂದರು. ಕೊಡುವುದಿಲ್ಲ ಎಂದರೆ ಏನರ್ಥ? ನನಗೆ ಸಿಟ್ಟು ಬಂತು.

“ಮೀರು ಕೊಟ್ಟಕಪೋತೇ ಇಂಟ್ಲೋ ನೇನೇ ಕೊಟ್ಟಾಲಿ!” ನೀವು ಕೊಡದಿದ್ದರೆ ಮನೆಯಲ್ಲಿ ನಾನೇ ಕೊಡಬೇಕು ಎಂದೆ.

ಪಕ್ಕದಲ್ಲಿದ್ದ ತಾಯಿಯೊಬ್ಬರು ನನ್ನ ಮಗಳನ್ನು ಮೆಲ್ಲಗೆ ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು. ಮಗಳು ಅಲ್ಲಿಂದಲೇ ಇಣುಕಿ, “ಅಪ್ಪಾ, ತೆಲುಗಲ್ಲಿ ಕೊಟ್ಟು ಅಂದ್ರೆ ಹೊಡಿ ಅಂತ,” ಎಂದಳು. ಆಮೇಲೆ ಟೀಚರಿಗೆ ನಿಜ ಸಂಗತಿ ಹೇಳಿದವಳೂ ಅವಳೇ. ಟೀಚರ್ ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು. ಹೋಂವರ್ಕ್ ಅಂದೇ ಸಿಕ್ಕಿತು. ಮನೆಯವರು ಯಾರೂ ಸಹಾಯ ಮಾಡಕೂಡದು ಎಂಬ ಷರತ್ತೂ ಸಿಕ್ಕಿತು.

ಮರುದಿನ ಸಂಜೆ ಅವಳು ಬರುವುದನ್ನೇ ಕಾದು, ಬಾಗಿಲಲ್ಲೇ ಕೇಳಿದೆ. “ಟೀಚರ್ ಕೊಟ್ಟರಾ?”

“ಕೊಟ್ಟಲೇದು,” ಎಂದಳು. ಕೊಡಲಿಲ್ಲ ಎಂದುಕೊಂಡು ನನ್ನ ಮುಖ ಸಣ್ಣಗಾಯಿತು.

ಅವಳು ಅಂಗೈ ಬಿಚ್ಚಿದಳು. ಕೆಂಪು ಸ್ಟಾರ್ ಇತ್ತು. “ಹೊಡೀಲಿಲ್ಲ ಅಂದೆ. ಇಚ್ಚಾರು. ಕೊಟ್ಟರು ಅನ್ನೋಕೆ ಹಂಗನ್ಬೇಕು. ಪುಟ ತುಂಬ ಬರಿ, ಇದು ನಿನ್ನ ಹೋಂವರ್ಕ್.”

ಕೂತು ಬರೆದೆ. ಸ್ಟಾರ್ ಸಿಗಲಿಲ್ಲ. ಅಕ್ಷರ ದುಂಡಗಿಲ್ಲವಂತೆ.