ಚೀನೀ ಮದ್ದಿನ ನಾಲ್ಕು ಸಂಪುಟ

ಮಧ್ಯಾಹ್ನ ಮೂರಕ್ಕೆ ತಪಾಸಣಾ ಸಮಿತಿ ಬರುತ್ತದೆಂದು ಪ್ರಿನ್ಸಿಪಾಲ್ ಸೋಮಶೇಖರ್‌ಗೆ ನೆನಪಾದದ್ದು ಅಂದೇ ಬೆಳಿಗ್ಗೆ ಒಂಬತ್ತಕ್ಕೆ.

"ಚೀನೀ ಗಿಡಮೂಲಿಕೆ ಕೋರ್ಸಿಗೆ ಅರ್ಜಿ ಹಾಕಿದೀವಲ್ರೀ ಗಂಗಾಧರಸ್ವಾಮಿ, ರೆಫರೆನ್ಸ್ ಪುಸ್ತಕಗಳೆಲ್ಲಿ?"

ನಂಜನಗೂಡಿನ ಆ ಆಯುರ್ವೇದ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಗ್ರಂಥಪಾಲಕನಾಗಿದ್ದ ಗಂಗಾಧರಸ್ವಾಮಿ ನಿಜ ಹೇಳಿಬಿಟ್ಟ. ಇದ್ದದ್ದು ಯಾರೋ ದಾನ ಕೊಟ್ಟ ನಾಲ್ಕು ಸಂಪುಟ. ಅವನ್ನು ಕಾಲೇಜಿನ ಪ್ರಹ್ಲಾದ ಮೇಷ್ಟ್ರು ತಿ. ನರಸೀಪುರದ ಮನೆಗೆ ಒಯ್ದು ವರ್ಷವಾಗಿತ್ತು.

"ಹೋಗಿ ತನ್ನಿ. ಕೋರ್ಸು ಸಿಕ್ರೆ ನಿಮ್ ಕೆಲ್ಸ ಕಾಯಂ ಮಾಡೋಕೆ ಬರೀತೀನಿ. ಸಿಗದಿದ್ರೆ ನಿಮ್ಮಿಷ್ಟ."

ಮೇಷ್ಟ್ರು ಮನೆಯಲ್ಲಿರಲಿಲ್ಲ. ಅವರ ತಾಯಿ ಸುಂದರಮ್ಮ ತಾರಸಿಗೆ ಕರೆದೊಯ್ದರು. ಹಪ್ಪಳ ಒಣಹಾಕಿದ ಸೀರೆಯ ನಾಲ್ಕು ಮೂಲೆಗೆ ನಾಲ್ಕು ಸಂಪುಟ!

"ಅರ್ಜೆಂಟು ಅಮ್ಮಾ, ಅದರ ಬದಲು ಇಟ್ಟಿಗೆ ಇಡ್ತೀನಿ."

"ಮಡಿ ಸೀರೆ ಮೇಲೆ ಇಟ್ಟಿಗೆಯಾ? ಒಣಗೋವರ್ಗೂ ಕೂತ್ಕೊಳಪ್ಪ. ಕಾಗೆ ಬಂದ್ರೆ ಓಡ್ಸು."

ಎರಡು ಗಂಟೆ ಕಾಗೆ ಓಡಿಸಿ, ಬೆವರು ಸುರಿಸುತ್ತ ಸಂಪುಟಗಳನ್ನು ತಬ್ಬಿಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿದ್ದ ಹುಚ್ಚಯ್ಯ ಎಂಬ ಮುದುಕ ಪುಟ ತಿರುವಿದ. ಹಪ್ಪಳದ ಮೇಲೆ ಕಾಗೆ ಓಡಾಡಿದಂಥ ಅಕ್ಷರಗಳು.

"ಮದ್ದಿನ್ ಪುಸ್ತ್ಕನಾ ಸಾ? ನನ್ ಮಂಡಿ ನೋವ್ಗೆ ಏನೈತೆ ನೋಡಿ."

"ಚೀನೀ ಭಾಷೆ ಕಣಪ್ಪ, ಓದೋಕೆ ಬರಲ್ಲ."

"ಓದಕ್ ಬರ್ದಿದ್ಮೇಲೆ ಯಾಕ್ ಸಾ ಒತ್ಕಂಡ್ ಓಯ್ತಿದ್ದೀರಿ?"

ಇಡೀ ಬಸ್ಸು ನಕ್ಕಿತು. ದಾರಿಯಲ್ಲಿನ ಹದಿನಾರು ಗ್ರಾಮ ದಾಟಿದರೂ ನಗು ನಿಲ್ಲಲಿಲ್ಲ.

ಮೂರಕ್ಕೆ ಐದು ನಿಮಿಷವಿದ್ದಾಗ ಸಂಪುಟಗಳು ಮೇಜಿನ ಮೇಲೆ ಬಿದ್ದವು. ಸಮಿತಿಯ ಡಾಕ್ಟರ್ ಮಧುಶ್ರೀ ಒಂದನ್ನು ತೆರೆದು ಹುಬ್ಬೇರಿಸಿದರು. "ಇದನ್ನ ಓದೋರು ಯಾರಿದಾರೆ ನಿಮ್ಮಲ್ಲಿ?"

"ನಮ್ ಗಂಗಾಧರಸ್ವಾಮಿ!" ಎಂದು ಪ್ರಿನ್ಸಿಪಾಲರು ಅವನನ್ನು ಮುಂದಕ್ಕೆ ತಳ್ಳಿಯೇಬಿಟ್ಟರು.

ಮಧುಶ್ರೀ ಒಂದು ಪುಟದ ಮೇಲೆ ಬೆರಳಿಟ್ಟರು. ಅವನು ಬಗ್ಗಿ ನೋಡಿದ. ಬೆರಳಿನ ಪಕ್ಕ ಗಂಟುಗಂಟಾದ ಬೇರಿನ ಚಿತ್ರ.

"ಶುಂಠಿ, ಮೇಡಂ. ಶೀತಕ್ಕೆ..."

ಅವರು ಮೊಬೈಲನ್ನು ಪುಟದ ಮೇಲೆ ಹಿಡಿದು ಅನುವಾದ ನೋಡಿದರು. ಶುಂಠಿ. ಶೀತಕ್ಕೆ.

"ಇಂಥ ವಿದ್ವಾಂಸರನ್ನ ಲೈಬ್ರರೀಲಿ ಕೂರ್ಸಿದೀರಲ್ರೀ! ಕೋರ್ಸು ಕೊಟ್ಟಿದೀವಿ. ಸೋಮವಾರದಿಂದ ಇವರೇ ಪಾಠ ಮಾಡ್ಲಿ."

ಸಂಜೆ ಐದಕ್ಕೆ ಆದೇಶ ಕೈಸೇರಿತು. ಗಂಗಾಧರಸ್ವಾಮಿ, ಚೀನೀ ಗಿಡಮೂಲಿಕೆ ಅಧ್ಯಾಪಕ, ಹಂಗಾಮಿ. ಪ್ರಿನ್ಸಿಪಾಲರು ಮಾತಿಗೆ ತಪ್ಪುವವರಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ತೆರವಾದ ಗ್ರಂಥಪಾಲಕರ ಹುದ್ದೆಯನ್ನು ಇಂದಿನಿಂದ ಕಾಯಂ ಮಾಡಲಾಗಿದ್ದು, ಹೊರಗಿನವರಿಂದ ಅರ್ಜಿ ಕರೆಯಲಾಗಿದೆ.